ಮೊದಲು ಪಾವಗಡ

ಹಳೆಯ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ಅಟ್ಟದ ಟ್ರಂಕು ತೆಗೆದರೆ, ತಳದಲ್ಲಿ ಆ ಪ್ರವಾಸದ ಕೈಪಿಡಿ ಸಿಕ್ಕಿತು. ನುಸಿಗುಳಿಗೆಯ ವಾಸನೆ ಹಾಳೆ ಹಾಳೆಗೂ ಹತ್ತಿತ್ತು. ನಕ್ಷೆಯ ಪುಟದಲ್ಲಿ ನಾನೇ ಪೆನ್ಸಿಲಿನಲ್ಲಿ ಹಾಕಿದ ಬಾಣಗಳು... ಅವು ಅಳಿಸಿಹೋಗಿದ್ದರೆ ಚೆನ್ನಾಗಿತ್ತು.

ಪುಸ್ತಕ ಪಕ್ಕದ ಮನೆಯ ಟೀಚರ್‌ದು. ಕೊರಟಗೆರೆಯ ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದರು. ನಾನಾಗ ಹೊಸ ಸೊಸೆ. ನಲ್ಲಿ ನೀರಿಗೆ ಕಾಯುವಾಗಲೂ ಅವರ ಕಂಕುಳಲ್ಲಿ ಕೈಪಿಡಿ ಇರುತ್ತಿತ್ತು. ಮಧುಗಿರಿ ಬೆಟ್ಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನೀವು ಮಾತ್ರ ಬಸ್ಸಿನ ಕಿಟಕಿಯಲ್ಲಿ ನೋಡಿಕೊಂಡೇ ಮುದುಕಿಯರಾಗುತ್ತೀರಿ ಎಂದು ರೇಗಿಸಿ ರೇಗಿಸಿ, ಬೀದಿಯ ಹೆಂಗಸರನ್ನೆಲ್ಲ ಒಂದು ವ್ಯಾನಿಗೆ ಒಪ್ಪಿಸಿದರು.

ಅವರ ಯೋಜನೆ ಹೀಗಿತ್ತು. ಬೆಳಿಗ್ಗೆ ಮಧುಗಿರಿ ಕೋಟೆ, ಮಧ್ಯಾಹ್ನ ದೊಡ್ಡೇರಿ ಪಕ್ಕದ ಅವರೂರಿನಲ್ಲಿ ಊಟ, ಆಮೇಲೆ ಶಿರಾ, ಕೊನೆಗೆ ಪಾವಗಡದ ಶನಿಮಹಾತ್ಮ. ಶನಿಯ ದರ್ಶನ ಮಾಡಿದವರು ಬೇರೆಯವರ ಹೊಸ್ತಿಲು ತುಳಿಯದೆ ನೇರ ತಮ್ಮ ಮನೆಗೇ ಹೋಗಬೇಕೆನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಪಾವಗಡವನ್ನು ಕೊನೆಗಿಟ್ಟಿದ್ದರು. ‘ನಮ್ಮವ್ವ ಒಬ್ಬಟ್ಟು ಮಾಡ್ತೀನಿ ಅಂತ ಕುಣೀತಾ ಅವ್ಳೆ’ ಎಂದು ಹೇಳುವಾಗ ಅವರೇ ಕುಣಿಯುವಂತಿದ್ದರು.

ವ್ಯಾನು ಗೊತ್ತಾದ ದಿನ ಸಂಜೆ ಟೀಚರ್ ಕೈಪಿಡಿಯನ್ನು ಕೇಳಿ ತಂದು ನಮ್ಮತ್ತೆಗೆ ಓದಿ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಲೇ, ‘ಶನಿಮಹಾತ್ಮನ್ನ ಬೆಳಿಗ್ಗೇನೇ ನೋಡ್ಬೇಕು ಕಣಮ್ಮ. ಪಾವಗಡ ಮೊದ್ಲು ಹಾಕು’ ಎಂದರು. ಸುತ್ತು ಅದೇ, ದಿಕ್ಕು ಮಾತ್ರ ತಿರುಗಿತು. ಟೀಚರ್ ಊರು ಈಗ ಶನಿದೇವರ ನಂತರ ಬರುತ್ತಿತ್ತು. ಅವರ ಮನೆಯವರು ಊರಾಚೆಯ ಕೇರಿಯವರು, ಬುದ್ಧನಿಗೆ ನಡೆದುಕೊಳ್ಳುವವರು ಎಂಬುದು ಬೀದಿಗೆಲ್ಲ ಗೊತ್ತು. ಅಲ್ಲಿ ಉಣ್ಣುವುದು ಹೇಗೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನನಗೆ ಅರ್ಥವಾಯಿತು, ಆದರೂ ಬಾಣ ಹಾಕಿದೆ. ಟೀಚರ್ ಅದನ್ನು ಸ್ವಲ್ಪ ಹೊತ್ತು ನೋಡಿ, ಹೀಗೂ ಆಗುತ್ತದೆ ಬಿಡಿ ಎಂದರು.

ಆ ಶನಿವಾರ ಪಾವಗಡ, ಶಿರಾ ಮುಗಿಸಿ ಟೀಚರ್ ಊರಿಗೆ ಬಂದರೆ, ಅವರ ಮನೆಯ ಮುಂದೆ ಸಾರಿಸಿ ರಂಗೋಲಿ ಬಿಟ್ಟಿದ್ದರು. ಒಬ್ಬಟ್ಟಿನ ಸಾರಿನ ಘಮ ವ್ಯಾನಿನ ಒಳಗೇ ಬಂತು. ಯಾರೂ ಇಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ದೇವರನ್ನೇ ನೆಪ ಮಾಡಿಕೊಂಡೆವು. ಟೀಚರ್ ಅವ್ವ ಕಿಟಕಿಯ ಹತ್ತಿರ ಬಂದು, ‘ಒಳಿಕ್ಕೆ ಬರಂಗಿಲ್ದಿದ್ರೆ ಬುಡ್ರವ್ವ, ಇಲ್ಲೇ ಮರದಡಿ ಎಲೆ ಆಕ್ತೀನಿ’ ಎಂದರು. ಆಗ ನಮ್ಮತ್ತೆಗೆ ಶನಿವಾರದ ಉಪವಾಸ ನೆನಪಾಯಿತು. ಕ್ಷಣದಲ್ಲಿ ವ್ಯಾನಿಗೆ ವ್ಯಾನೇ ಉಪವಾಸ ಹಿಡಿಯಿತು. ನನಗೂ ಉಪವಾಸ ಎಂದು ನಾನೂ ತಲೆಯಾಡಿಸಿದೆ.

ಟೀಚರ್ ಅವ್ವನ ತೋಳು ಹಿಡಿದುಕೊಂಡರು. ‘ಅದು ಶಾಸ್ತ್ರ ಕಣವ್ವ. ನಾನೇ ಮರ್ತ್ಬುಟ್ಟಿದ್ದೆ, ನಂದೇ ತಪ್ಪು’ ಎಂದರು. ನಮ್ಮ ಮಾನ ಉಳಿಸಲು ಹೆತ್ತ ತಾಯಿಯ ಮುಂದೆ ಸುಳ್ಳು ಹೇಳಿದರು.

ಮಧುಗಿರಿಗೆ ಬಂದಾಗ ಹೊತ್ತಾಯಿತೆಂದು ಬೆಟ್ಟ ಯಾರೂ ಹತ್ತಲಿಲ್ಲ. ಹೋಟೆಲಿಗೆ ಮಾತ್ರ ಎಲ್ಲರೂ ಇಳಿದೆವು. ಇಡ್ಲಿ, ವಡೆ, ಮೇಲೆ ಇನ್ನಷ್ಟು ಸಾಂಬಾರ್. ಟೀಚರ್ ವ್ಯಾನಿನಲ್ಲೇ ಕೂತಿದ್ದರು. ನಾನು ಕೂತ ಕಡೆಯಿಂದ ಅವರ ತಲೆಯ ಹಿಂಭಾಗ ಕಾಣುತ್ತಿತ್ತು. ನಾಚಿಕೆಯಾಯಿತು, ಆದರೂ ತಿಂದೆ.

ಟೀಚರ್ ವ್ಯಾನಿನ ಸೀಟಿನಲ್ಲಿ ಬಿಟ್ಟುಹೋಗಿದ್ದ ಕೈಪಿಡಿಯನ್ನು ಮಾರನೆಯ ದಿನ ಕೊಡಲು ಹೋದರೆ, ನೀವೇ ಇಟ್ಟುಕೊಳ್ಳಿ ಎಂದರು. ಕೆಲವೇ ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೊರಟುಹೋದರು...

ಪುಸ್ತಕ ಸಿಕ್ಕಿದ ಮೇಲೆ ಅವರಿವರನ್ನು ವಿಚಾರಿಸಿದೆ. ಟೀಚರ್ ಹೋದ ವರ್ಷವೇ ತೀರಿಕೊಂಡರಂತೆ. ತಡೆಯಲಾರದೆ ಮೊನ್ನೆ ಒಬ್ಬಳೇ ಆ ಊರಿಗೆ ಹೋದೆ. ಅವ್ವನೂ ಈಗಿಲ್ಲ. ಟೀಚರ್ ತಮ್ಮನ ಹೆಂಡತಿ ಕುರ್ಚಿ ಹಾಕಿ ಕೂರಿಸಿದಳು. ಗೋಡೆಯಲ್ಲಿ ಬುದ್ಧನ ಪಕ್ಕ ಟೀಚರ್ ನಗುತ್ತಿದ್ದರು. ಕೊರಟಗೆರೆಯಲ್ಲಿ ಅವರ ಪಕ್ಕದ ಮನೆಯವಳು ಎಂದು ಹೇಳಿದೆ. ಅವಳು ಹೊರಗೆ ಹೋಗಿ, ಅಂಗಡಿಯಿಂದ ಸೀಲು ಒಡೆಯದ ನೀರಿನ ಬಾಟಲಿ ತಂದು ಮುಂದಿಟ್ಟಳು.

‘ಮನೆ ನೀರೇ ಕೊಡಮ್ಮ’ ಎಂದೆ.

‘ಬ್ಯಾಡಿ ಕಣಮ್ಮ’ ಎಂದಳು, ಸ್ವಲ್ಪವೂ ಕೋಪವಿಲ್ಲದೆ. ‘ಕೊರಟಗೆರೆಯೋರು ಯಾರಾರ ಬಂದ್ರೆ ಬಲವಂತ ಮಾಡ್ಬ್ಯಾಡ, ಅವ್ರಿಗೆ ಮುಜುಗರ ಆಯ್ತದೆ ಅಂತ ಅಕ್ಕ ಯೋಳಿದ್ರು.’

ಇನ್ನೊಮ್ಮೆ ಕೇಳುವ ಮುಖ ನನಗಿರಲಿಲ್ಲ. ಬಾಟಲಿಯ ನೀರನ್ನೇ ಕುಡಿದು ಎದ್ದು ಬಂದೆ.