ನೇರ ಹಳಿಯಲ್ಲಿ ವಾಲಿದ ಕ್ಯಾಬಿನ್

ಜಪಾನಿನ ಬೆಟ್ಟದ ದಾರಿಗಳಲ್ಲಿ ಓಡುವ ಒಂದು ಡೀಸೆಲ್ ಎಕ್ಸ್‌ಪ್ರೆಸ್ ತಿರುವು ಬರುವ ಮೊದಲೇ ಒಂದು ಬದಿಗೆ ವಾಲಿಕೊಳ್ಳುತ್ತದೆ. ದಾರಿಯ ಪ್ರತಿ ತಿರುವೂ ಅದರ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಅದರ ಚಾಲಕರ ತರಬೇತಿಗೆಂದು ಸ್ಯಾನ್ ಡಿಯಾಗೋದ ನಮ್ಮ ಲ್ಯಾಬಿನಲ್ಲಿ ಹಾಗೆಯೇ ವಾಲುವ ಕ್ಯಾಬಿನ್ ಇರುವ ಸಿಮ್ಯುಲೇಟರ್ ಕಟ್ಟಿದ್ದೆವು. ನಾನು ಪರೀಕ್ಷಿಸಿ ಸಹಿ ಹಾಕದೆ ಅದು ಹೊರಡುವಂತಿರಲಿಲ್ಲ. ಓಡಿಸಿ ನೋಡಲು, ಲಾಸ್ ಏಂಜಲೀಸ್‌ನಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ಚಾಲಕ ಸಾತೋ ಅವರನ್ನು ಕರೆಸಿದ್ದೆವು.

ಸಾತೋ ಪ್ರತಿ ಸಿಗ್ನಲ್‌ಗೂ ಬೆರಳು ತೋರಿಸಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಿದ್ದರು; ಅಲ್ಲಿಯ ಚಾಲಕರ ಪದ್ಧತಿ ಅದು. ಒಂದು ಕಡೆ ಪರದೆಯ ಮೇಲೆ ಸಿಗ್ನಲ್ ಇಲ್ಲದಿದ್ದರೂ ಬೆರಳೆತ್ತಿ ಏನೋ ಹೇಳಿದರು. ಕ್ಯಾಬಿನ್ ಎಡಕ್ಕೆ ವಾಲಿತು.

“ಅಲ್ಲಿ ಹಳಿ ನೇರ ಇದೆ ಸರ್, ಡೇಟಾದಲ್ಲಿ ತಿರುವೇ ಇಲ್ಲ,” ಎಂದ ಸಹೋದ್ಯೋಗಿ ಪ್ರಸಾದ್.

ನಾನು ಕೂತು ಓಡಿಸಿದೆ. ವಾಲಲಿಲ್ಲ. ಸಾತೋ ಕೂತರು, ಮತ್ತೆ ವಾಲಿತು.

“ಈಗ ಅಲ್ಲಿ ಸುರಂಗ, ನೇರ ದಾರಿ,” ಎಂದರು ಅವರು ಮೆಲ್ಲಗೆ. “ನನ್ನ ಕಾಲದಲ್ಲಿ ನದಿಯ ಪಕ್ಕ ತಿರುವಿತ್ತು.”

ನಾನು ಕಂಪ್ಯೂಟರಿನಲ್ಲಿ ಪರೀಕ್ಷೆಯ ಫಾರ್ಮ್ ತೆರೆದೆ.

“ಬೋಲ್ಟ್ ಲೂಸ್ ಅಂತ ಬರೆದುಬಿಡಿ ಸರ್, ಇವತ್ತೇ ಕಳಿಸ್ಬೇಕು.”

“ಬೋಲ್ಟ್ ಎಲ್ಲ ನಾನೇ ನೋಡಿದ್ದೀನಿ ಪ್ರಸಾದ್. ಬರೆಯಲ್ಲ.”

‘ಫೇಲ್’ ಒತ್ತಿ, ಕಾರಣ ತಿಳಿದಿಲ್ಲ ಎಂದು ಬರೆದೆ. ಫಾರ್ಮ್ ಒಪ್ಪಲಿಲ್ಲ, ಪಟ್ಟಿಯಿಂದಲೇ ಆರಿಸಬೇಕಂತೆ. ಬಿಡಿಭಾಗದ ದೋಷಗಳನ್ನು ಬಿಟ್ಟರೆ ಅಲ್ಲಿ ಉಳಿದದ್ದು ‘ಚಾಲಕನ ತಪ್ಪು’ ಒಂದೇ. ಅದನ್ನು ಆ ಹಿರಿಯರ ಮೇಲೆ ಹಾಕಲು ಮನಸ್ಸೊಪ್ಪದೆ ಚಾಲಕನ ಜಾಗದಲ್ಲಿ ನನ್ನ ಹೆಸರು ಬರೆದೆ. ನನಗೀಗ ಕಡ್ಡಾಯ ತರಬೇತಿಯಂತೆ, ಅದೇ ಕ್ಯಾಬಿನ್ನಿನಲ್ಲಿ, ಒಬ್ಬನೇ.