ಸಾಕ್ಷಿ ಕೇಳುವ ಮೇಷ್ಟ್ರು

ಕಾಲೇಜಿಗೆ ಮತ್ತೆ ಗ್ರೇಡ್ ಕೊಡುವ ಮರುಮಾನ್ಯತೆಗೆ ಸ್ವಮೌಲ್ಯಮಾಪನ ವರದಿ ಬರೆಯುವ ಮೇಷ್ಟ್ರಿಗೆ ಆಡಳಿತ ಮಂಡಳಿ ಎರಡು ಬೇಸಿಗೆ ರಜೆ ಬಾಕಿ ಇಟ್ಟಿದೆ. ಅವರು ಅದನ್ನು ಕೇಳುವವರಲ್ಲ, ಕೇಳುವುದೇನಿದ್ದರೂ ಸಾಕ್ಷಿ. ಯಾರಾದರೂ ಪಾಠ ಮಾಡಿ ಬಂದೆ ಅಂದರೆ "ಫೋಟೋ ಎಲ್ಲಿ?" ಅನ್ನುತ್ತಾರೆ, ಗಿಡ ನೆಟ್ಟ ಫೋಟೋ ಮಸುಕಾಗಿದ್ದರೆ ಅದೇ ಗಿಡ ಕೀಳಿಸಿ ಮತ್ತೆ ನೆಡಿಸುತ್ತಾರೆ. "ಕಾಲೇಜಲ್ಲೇ ಊಟ ಆಯ್ತು ಕಣೇ" ಅಂದರೆ ಹೆಂಡತಿ "ದಾಖಲೆ ಇದೆಯೇನ್ರೀ?" ಎಂದು ಕಾಲೆಳೆಯುತ್ತಾಳೆ. ಆದರೆ ವರದಿಯಲ್ಲಿ ಕೊರತೆಗಳ ಕಾಲಮ್ಮಿಗೆ ಬಂದಾಗ ಈ ಆಸಾಮಿ ಹಟ ಹಿಡಿದರು. "ಸೀಟಿಗೆ ಬೇಡಿಕೆ ಹೆಚ್ಚಾಗಿ ಜಾಗ ಸಾಲದು" ಎಂಬ, ಕೊರತೆಯ ವೇಷದ ಮಾಮೂಲಿ ಜಂಬವನ್ನು ಹೊಡೆದುಹಾಕಿ, ಇಲ್ಲೇ ಓದುವ ಮಗಳು ಹೇಳಿದ್ದನ್ನು ಬರೆದರು: ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ, ಅದಕ್ಕೇ ಅವರು ಸಂಜೆವರೆಗೆ ನೀರು ಕುಡಿಯುವುದಿಲ್ಲ. "ಗ್ರೇಡ್ ಬಿದ್ರೆ ನಿಮ್ಮ ತಲೆಗೇ ಕಟ್ತೀನಿ" ಎಂದರು ಪ್ರಿನ್ಸಿಪಾಲರು. "ಕಟ್ಟಿ ಸಾರ್, ಆ ಸಾಲು ಮಾತ್ರ ತೆಗೆಯಲ್ಲ." ವಿದ್ಯಾರ್ಥಿಗಳು ವರ್ಷಗಟ್ಟಲೆ ಧಿಕ್ಕಾರ ಕೂಗಿದರೂ ಅಲ್ಲಾಡದ ಮಂಡಳಿ, ಗ್ರೇಡ್ ಕೊಡುವ ತಪಾಸಣೆಯವರು ಆ ಸಾಲು ಓದಿ ನೋಡಲು ಬಂದೇಬಿಡುತ್ತಾರೆಂಬ ಭಯಕ್ಕೆ ವಾರದೊಳಗೆ ಪೈಪು ಎಳೆಸಿತು. ಗ್ರೇಡೂ ಬೀಳಲಿಲ್ಲ. ಮಗಳು ಮಟಮಟ ಮಧ್ಯಾಹ್ನ ಬಾಟಲಿ ಎತ್ತಿ ಗಟಗಟ ಕುಡಿಯುವುದನ್ನು ಕಂಡು ಮೇಷ್ಟ್ರ ಎದೆ ಹಗುರಾಯಿತು. ನಿಮ್ಮ ಕಾಲೇಜಿನ ವರದಿ ಬರೆಯುವವರು ನೀವೇ ಆದರೆ, ಮೊದಲು ಹೋಗಿ ಹುಡುಗಿಯರ ಶೌಚಾಲಯದ ನಲ್ಲಿ ತಿರುಗಿಸಿ ನೋಡಿ, ಆಮೇಲೆ ಪೆನ್ನು ಹಿಡಿಯಿರಿ.