ದೊಡ್ಡಮ್ಮನ ಬೆರಳು ಎಳೆದದ್ದು

ಹಲಗೂರಿನ ಹತ್ತಿರ ರೇಷ್ಮೆ ಸಾಕುವ ನಮ್ಮ ದೊಡ್ಡಮ್ಮನಿಗೆ ಬೆರಳ ಗೆಣ್ಣುನೋವು ಅಂಟಿಕೊಂಡು ವರ್ಷಗಳೇ ಆಗಿದ್ದವು. ಮಾತ್ರೆ ನುಂಗಿದರೆ ಎದೆಯುರಿ. ಮುಲಾಮು ಹಚ್ಚೋಣ ಅಂದರೆ ಹುಳುಮನೆಗೆ ಆ ಘಾಟು ಆಗಿಬರದು, ಹುಳ ಸೊಪ್ಪು ತಿನ್ನುವುದನ್ನೇ ಬಿಟ್ಟುಬಿಡುತ್ತವೆ. ಉಳಿದದ್ದು ಬಿಸಿನೀರು.

ಹೋದ ಬೆಳೆಯಲ್ಲಿ ಎಡವಟ್ಟಾಯಿತು. ಹುಳ ಸೊಪ್ಪು ತಿಂದು ಮುಗಿಸಿ ಹಣ್ಣಾದ ದಿನ ಅವನ್ನು ಒಂದೊಂದಾಗಿ ಎತ್ತಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ದೊಡ್ಡಮ್ಮನ ಬೆರಳಿಗೆ ಹಿಡಿತದ ಅಂದಾಜು ತಪ್ಪಿತು. ನಾಲ್ಕೈದು ಹುಳ ಒಡೆದು ರಸ ಅಕ್ಕಪಕ್ಕದ ಗೂಡಿಗೆಲ್ಲ ಮೆತ್ತಿತು. ದೊಡ್ಡಪ್ಪ, "ಇನ್ಮ್ಯಾಕೆ ನೀನು ಹಣ್ಣುಳ ಮುಟ್ಬ್ಯಾಡ. ಎಲ್ರುಗೂ ಕಾಪಿ ಕಾಯ್ಸು, ಸಾಕು" ಅಂದುಬಿಟ್ಟರು.

"ನನ್ ಉಳಿನ ಮನಿಂದ ನನ್ನೇ ಆಚ್ಗೆ ಹಾಕವ್ರೆ ಕಣಮ್ಮಿ" ಎಂದು ದೊಡ್ಡಮ್ಮ ನನಗೆ ಫೋನ್ ಮಾಡಿ ಬೈದಳು, ಹಾಕಿದವಳು ನಾನೇ ಏನೋ ಅನ್ನುವ ಹಾಗೆ. ಅವಳಿಗೆ ಬೇಕಿದ್ದುದು ಒಂದೇ: ಮುಂದಿನ ಬೆಳೆ ಹಣ್ಣಾಗುವ ದಿನ ತಾನು ಒಳಗಿರಬೇಕು.

ಮಂಡ್ಯದಲ್ಲಿ ಯಾರೋ ಔಷಧಿಯಿಲ್ಲದೆ ನೋವು ಇಳಿಸುತ್ತಾರಂತೆ ಎಂದು ಸುದ್ದಿ ಹಿಡಿದು ತಂದವಳೂ ಅವಳೇ. 'ಔಷಧಿಯಿಲ್ಲದೆ' ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ತಾಯತ, ತಾಮ್ರದ ಬಳೆ, ಅಯಸ್ಕಾಂತದ ಹಾಸಿಗೆ ಎಲ್ಲ ಒಳಗೆ ನುಗ್ಗುವುದು ಅದೇ ಬಾಗಿಲಿಂದ. ಮದ್ದೂರಿನ ಶಾಲೆಯಿಂದ ಹಿಡಿದು ಕಾಲೇಜಿನ ತನಕ ಚರ್ಚಾಸ್ಪರ್ಧೆಗಳಲ್ಲಿ ನಾನು ನಿಂತದ್ದೆಲ್ಲ ವಿಷಯದ ವಿರುದ್ಧವೇ. ಇದನ್ನು ಬಿಡುತ್ತೀನಾ? ಜೊತೆಗೆ ಹೊರಟೆ.

ನೋಡಿದರೆ ಅಲ್ಲಿದ್ದದ್ದು ಕುಂಕುಮವೂ ಅಲ್ಲ, ಬೂದಿಯೂ ಅಲ್ಲ. ಒಬ್ಬಳು ಫಿಸಿಯೋಥೆರಪಿಸ್ಟ್, ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಟ್ಯಾಬ್. ಅದರ ಕೆಳಗೆ ದೊಡ್ಡಮ್ಮ ಕೈ ಇಟ್ಟಳು. ಪರದೆಯಲ್ಲಿ ಅವಳದೇ ಕೈ, ಹಸಿರು ಬಳೆ ಸಮೇತ. ಫಿಸಿಯೋ ಆ ಕೈಯ ತೋರುಬೆರಳ ತುದಿ ಹಿಡಿದು ಮೆಲ್ಲಗೆ ಎಳೆದಳು. ಪರದೆಯೊಳಗಿನ ಬೆರಳು ರಬ್ಬರಿನಂತೆ ಉದ್ದವಾಯಿತು.

"ಅಯ್ ಸಿವನೇ!" ದೊಡ್ಡಮ್ಮ ಕೈ ಕಿತ್ತುಕೊಂಡು, ತಿರುಗಿಸಿ ನೋಡಿ, ಮತ್ತೆ ಒಳಗಿಟ್ಟಳು. "ಇನ್ನೊಂದ್ಕಿತ ಎಳಿ. ಸಡ್ಲ ಆದಂಗಾಯ್ತದೆ."

ನಾನು ಎದ್ದು ನಿಂತೆ, ಅಭ್ಯಾಸಬಲ. "ಇದು ಕಣ್ಣಿಗೆ ಮಾಡೋ ಮೋಸ ಅಲ್ವಾ?"

"ಹೌದು," ಅಂದಳು ಆಕೆ. "ಆಗ್ಮೆಂಟೆಡ್ ರಿಯಾಲಿಟಿ ಅಂತ ಹೆಸರು. ಊತ ಇಳಿಯಲ್ಲ, ಸವೆದ ಕೀಲು ಬೆಳೆಯಲ್ಲ. ನೋವು ಎಷ್ಟು ಅಂತ ತೀರ್ಮಾನ ಮಾಡೋದು ಮಿದುಳು. ಅದು ಕಣ್ಣಿನ ಸಾಕ್ಷಿಯನ್ನೂ ಕೇಳುತ್ತೆ. ಕೆಲವರಿಗೆ ಸ್ವಲ್ಪ ಹೊತ್ತು ಕಡಿಮೆಯಾಗುತ್ತೆ, ಕೆಲವರಿಗೆ ಏನೂ ಆಗಲ್ಲ."

ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡರೆ ವಾದಿಸುವುದು ಹೇಗೆ? ಆದರೂ ಬಿಡಲಿಲ್ಲ. ಮೊದಲು ಪರದೆ ಮುಚ್ಚಿ ಬರೀ ಎಳೆಯಿರಿ, ಆಮೇಲೆ ಮುಟ್ಟದೆ ಬರೀ ತೋರಿಸಿ, ಕೊನೆಗೆ ಎರಡೂ ಮಾಡಿ ಎಂದೆ. ಹಾಗೇ ಮಾಡಿದಳು.

ದೊಡ್ಡಮ್ಮ ತೀರ್ಪು ಕೊಟ್ಟಳು: "ಬರೀ ಎಳುದ್ರೆ ನೋವು. ಬರೀ ತೋರ್ಸುದ್ರೆ ತಮಾಸೆ. ಎಲ್ಡೂ ಸೇರುದ್ರೆ ಸುಕ."

"ಒಬ್ಬರ ಅನುಭವ ಪುರಾವೆ ಆಗಲ್ಲ ದೊಡ್ಡಮ್ಮ. ನಿನಗೆ ಯಾವಾಗ ಏನು ಮಾಡ್ತಾರೆ ಅಂತ ಗೊತ್ತಿತ್ತು."

"ನೋಯ್ತಿರದು ನನ್ ಕೈ. ನಿನ್ ಬಾಯಲ್ಲ. ಸುಮ್ಕಿರು."

ತೊಂದರೆ ಬೇರೆಯೇ ಇತ್ತು. ಸಂಜೆ ಊರು ಮುಟ್ಟಿದ ದೊಡ್ಡಮ್ಮನ ಫೋನ್ ಬಂತು: "ಮಳವಳ್ಳಿ ಬಸ್‌ಸ್ಟಾಂಡ್ ಗಂಟ ಚೆಂದಾಗಿತ್ತು ಕಣೇ. ಹಲಗೂರು ಬಸ್ ಹತ್ತೋವೊತ್ಗೆ ಸುರುವಾಯ್ತು." ಹುಳ ಹಣ್ಣಾಗುವುದು ಅಪಾಯಿಂಟ್‌ಮೆಂಟ್ ತಗೊಂಡಲ್ಲ. ಆ ದಿನ ಮಂಡ್ಯಕ್ಕೆ ಹೋಗಿ ಬರುವಷ್ಟರಲ್ಲಿ ಸುಖವೂ ಮುಗಿದಿರುತ್ತದೆ, ಕೆಲಸವೂ. ನಾನು ಫಿಸಿಯೋ ಹತ್ತಿರ ಹೋಗಿ ಹೇಳಿಕೊಂಡೆ. ಆಕೆ ಹಳೆಯದೊಂದು ಟ್ಯಾಬ್ ಎರವಲು ಕೊಟ್ಟು, ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನನ್ನ ಕೈಗೇ ಕಲಿಸಿದಳು. ವಿರೋಧಿಸಲು ಹೋದವಳು ಕಾಂಪೌಂಡರ್ ಆಗಿ ಬಂದೆ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಕರೆ ಬಂತು. "ಉಳ ಹಣ್ಣಾಗವೆ. ಬಾ." ಅಷ್ಟೇ, ಕಟ್. ಮದ್ದೂರಿಂದ ಸಿಕ್ಕ ಬಸ್ಸು ಹತ್ತಿದೆ.

ಹುಳುಮನೆಯ ಜಗಲಿ ಮೇಲೆ ಎರಡು ಇಟ್ಟಿಗೆ ಜೋಡಿಸಿ ಟ್ಯಾಬ್ ನಿಲ್ಲಿಸಿ, ದೊಡ್ಡಮ್ಮನ ಬೆರಳು ಎಳೆಯತೊಡಗಿದೆ. ಹುಳ ಆರಿಸಲು ಬಂದಿದ್ದ ಹೆಂಗಸರು ಸುತ್ತ ನಿಂತರು.

"ಏನಮ್ಮಿ, ಬೆಳ್ಳ ಜಗ್ಗಿ ಜಗ್ಗಿ ಪಡವಲಕಾಯಿ ಮಾಡ್ತಿದ್ದೀಯ?"

"ನನ್ ಗಂಡನ್ ಸಂಬಳನೂ ಅದ್ರಲ್ಲಿಟ್ಟು ಎಳಿಯವ್ವ!"

ದೊಡ್ಡಪ್ಪ ಮಾತ್ರ ನಗಲಿಲ್ಲ. "ಒಂದುಳ ಒಡುದ್ರೂ ಆಚ್ಗೆ ಬರ್ಬೇಕು" ಎಂದರು.

"ಒಡೀದಿದ್ರೆ ಕಾಪಿ ನೀನ್ ಕಾಯ್ಸು" ಎನ್ನುತ್ತ ದೊಡ್ಡಮ್ಮ ಒಳಗೆ ಹೋದಳು.

ನಾನು ಬಾಗಿಲಲ್ಲಿ ನಿಂತೆ. ಹಣ್ಣಾದ ಹುಳಗಳು ತಿಳಿಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿದ್ದವು. ಅವಳು ಹೆಬ್ಬೆರಳು ತೋರುಬೆರಳ ಮೆತ್ತೆಯಲ್ಲಿ ಒಂದನ್ನು ಎತ್ತಿ ಚಂದ್ರಿಕೆಗೆ ಬಿಟ್ಟಳು. ಇನ್ನೊಂದು. ಮತ್ತೊಂದು. ಒಂದು ಚಂದ್ರಿಕೆ ತುಂಬಿತು. ಒಡೆದದ್ದು ಒಂದೂ ಇಲ್ಲ. ಇದೆಲ್ಲ ಅವಳ ನಂಬಿಕೆಯ ಬಲ ಇರಬಹುದು ಅನ್ನುವ ವಾದ ತಲೆಯಲ್ಲಿ ಇದ್ದೇ ಇತ್ತು, ಈಗಲೂ ಇದೆ. ಆದರೆ ಆ ಹೊತ್ತಿಗೆ ನನಗೆ ಗೆಲ್ಲುವ ಆಸೆ ಇರಲಿಲ್ಲ.

ಎರಡನೆಯ ಚಂದ್ರಿಕೆ ಅರ್ಧ ತುಂಬಿತ್ತು. ಎತ್ತಲು ಹೋದ ಹುಳವನ್ನು ಮುಟ್ಟದೆ ದೊಡ್ಡಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಯಾರೂ ಹೇಳದಿದ್ದರೂ ಎದ್ದು ಬಂದು ನನ್ನೆದುರು ಕೂತು ಕೈ ಚಾಚಿದಳು.

"ಬಿಗಿ ಬಂತು. ಎಳಿ."

ನಾನು ತೋರುಬೆರಳ ತುದಿ ಹಿಡಿದೆ. ದೊಡ್ಡಪ್ಪ ಒಳಗೆ ಅವಳ ಅರ್ಧ ಚಂದ್ರಿಕೆಯ ಮುಂದೆ ನಿಂತು, ಬಗ್ಗಿ, ಮೇಲಿಂದ ಕೆಳಗೆ ಸಾಲು ಸಾಲಾಗಿ ನೋಡಿದರು. ಅಲ್ಲಿ ಕೂರಲು ಬಂದ ಹೆಂಗಸೊಬ್ಬಳಿಗೆ, "ನೀನು ಆ ಕಡೀದು ತಕ್ಕೊ, ಇದು ಅವಳ್ದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಗ ಬೇಗ ಎಳ್ದು ಕಳ್ಸಮ್ಮಿ, ಉಳ ಕಾಯಕ್ಕಿಲ್ಲ" ಅಂದರು.